‘ಕಳೆದುಹೋಗಿದೆ’ ಎಂದು ಬರೆದುಕೊಡಬೇಡಿ

ದೊಡ್ಡಬಳ್ಳಾಪುರದ ಒಂದು ಹೊಸ ಬಡಾವಣೆ. ಸಂಜೆ ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸಿನ ಕೊರಳಿಗೆ ಬೈಕಿನಲ್ಲಿ ಬಂದವರು ಕೈ ಹಾಕಿದರು ಎಂದುಕೊಳ್ಳಿ. ಸರ ಹೋಯಿತು, ಕೊರಳ ಸುತ್ತ ಕೆಂಪು ಗೆರೆ ಉಳಿಯಿತು. ಮಾರನೆಯ ದಿನದಿಂದ ಆ ಬೀದಿಯ ಹೆಂಗಸರು ಸರ ಬಿಚ್ಚಿಟ್ಟು ಅರಿಶಿನದ ದಾರದಲ್ಲೇ ಓಡಾಡುತ್ತಾರೆ. ಆದರೆ ಆಕೆ ಠಾಣೆಯಲ್ಲಿ ‘ಸರ ಕಳೆದುಹೋಗಿದೆ’ ಎಂದು ಬರೆದುಕೊಟ್ಟು ಬಂದಿದ್ದರೆ, ಸರ್ಕಾರದ ಲೆಕ್ಕದಲ್ಲಿ ಆ ಬೀದಿಯಲ್ಲಿ ಅಪರಾಧವೇ ನಡೆದಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಹಾಕುವುದು ಪೊಲೀಸರು ದಾಖಲಿಸಿಕೊಂಡ ಪ್ರಕರಣಗಳನ್ನು ಮಾತ್ರ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಎಲ್ಲಕ್ಕಿಂತ ಗಂಭೀರವಾದದ್ದಷ್ಟೇ ಎಣಿಕೆಗೆ ಸಿಗುತ್ತದೆ. ಹಾಗಾಗಿ ಅಂಕಿ ಏರಿದ ಮಾತ್ರಕ್ಕೆ ಊರು ಕೆಟ್ಟಿತು ಎನ್ನಲಾಗದು. ಜನ ಧೈರ್ಯವಾಗಿ ದೂರು ಕೊಟ್ಟಿದ್ದರೂ ಏರುತ್ತದೆ. ಅಂಕಿ ಕಡಿಮೆ ಇದ್ದ ಕಡೆಯೇ ನನಗೆ ಹೆಚ್ಚು ಅನುಮಾನ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸರ ಕಿತ್ತುಕೊಳ್ಳುವುದಕ್ಕೆಂದೇ 304ನೇ ಕಲಂ ಇದೆ. ಮೂರು ವರ್ಷದವರೆಗೆ ಶಿಕ್ಷೆ. ‘ನಮ್ಮ ಲಿಮಿಟ್ಟಿಗೆ ಬರೋದಿಲ್ಲ’ ಎಂಬ ಮಾತಿಗೂ ಈಗ ಬೆಲೆಯಿಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಮುಖ್ಯ: ವಿಮಾನ ನಿಲ್ದಾಣದ ಠಾಣೆ ಬೆಂಗಳೂರು ನಗರದ ಕಮಿಷನರ್ ಕೈಕೆಳಗೆ, ನೆಲಮಂಗಲದ್ದು ಜಿಲ್ಲಾ ಎಸ್ಪಿ ಕೈಕೆಳಗೆ. ಗಡಿ ಎಲ್ಲಿ ಮುಗಿಯುತ್ತದೆಂದು ಹುಡುಕುವುದು ನೊಂದವರ ಕೆಲಸವಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬಾಯಲ್ಲಿ ಹೇಳಿದರೂ ಸರಿ, ಅವರು ಬರೆದುಕೊಂಡು ಓದಿ ಹೇಳಬೇಕು. ಆನ್‌ಲೈನಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದಿತ್ತು. ಹೊಸ ಕಾನೂನು ಒಂದು ಸಡಿಲಿಕೆ ಕೊಟ್ಟಿದೆ: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನದ ಪ್ರಾಥಮಿಕ ವಿಚಾರಣೆ ಮಾಡಬಹುದು. ಸರಗಳ್ಳತನ ಇದರ ಅಂಚಿನಲ್ಲೇ ಇದೆ. ‘ವಿಚಾರಿಸ್ತೀವಿ, ಹೋಗಿ’ ಎಂದರೆ ಅನುಮತಿ ಪಡೆದಿದ್ದೀರಾ, ಎಂದಿನಿಂದ ಎಂದು ಕೇಳಿ. ಕೇಳಲು ಹಿಂಜರಿಯಬೇಡಿ.

ದೂರು ತೆಗೆದುಕೊಳ್ಳದಿದ್ದರೆ ಅದರ ಸಾರಾಂಶ ಬರೆದು ಜಿಲ್ಲಾ ಎಸ್ಪಿಗೆ ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ ಮಾಡಿಸಿದರೆ ರಸೀದಿ ಸಾಕ್ಷಿಯಾಗುತ್ತದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಪ್ರಮಾಣಪತ್ರದ ಜೊತೆ ಅರ್ಜಿ. ವಕೀಲರಿಗೆ ದುಡ್ಡೆಲ್ಲಿ ಎನ್ನುವ ಹೆಂಗಸರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವಿದೆ.

ಎಫ್‌ಐಆರ್ ಪ್ರತಿ ಉಚಿತ. ಠಾಣೆಯ ಮೆಟ್ಟಿಲಿಳಿಯುವ ಮೊದಲೇ ಕೇಳಿ ಪಡೆದು, ‘ಕಿತ್ತುಕೊಂಡರು’ ಎಂದಿದೆಯೋ ‘ಕಳೆದುಹೋಗಿದೆ’ ಎಂದಿದೆಯೋ ಓದಿ ನೋಡಿ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ಅವರೇ ನಿಮಗೆ ತಿಳಿಸಬೇಕು.