ಕಂಪ್ಯೂಟರಿನ ಆರಂಭಿಕ ಪಾಸ್‌ವರ್ಡ್ ಕಾಯುವುದು ಏನನ್ನು?

ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ಲೆಕ್ಕದ ಮಾಹಿತಿ ಎಷ್ಟು ಸುರಕ್ಷಿತವಾಗಿದೆಯೆಂದು ವಿಚಾರಿಸಿದರೆ ವರ್ತಕ ಬಾಂಧವರಿಂದ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: “ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ್ದೇವೆ ಸಾರ್.” ಯಾವ ಪಾಸ್‌ವರ್ಡ್ ಎಂದು ಮತ್ತೆ ಕೇಳಿದರೆ, ಗುಂಡಿ ಒತ್ತಿದೊಡನೆ ಕಪ್ಪು ಪರದೆಯ ಮೇಲೆ ಕೇಳುವುದೆಂದು ಕೆಲವರು, ವಿಂಡೋಸ್ ತೆರೆಯುವಾಗ ಕೇಳುವುದೆಂದು ಕೆಲವರು ಹೇಳುತ್ತಾರೆ. ಇವೆರಡೂ ಬೇರೆ ಬೇರೆ. ಆದರೆ ಎರಡೂ ಅಂಗಡಿಯ ಬಾಗಿಲಿನ ಬೀಗಗಳೇ ಹೊರತು ತಿಜೋರಿಯ ಬೀಗಗಳಲ್ಲ. ಖರೀದಿಯ ದರ, ಬಾಕಿದಾರರ ಪಟ್ಟಿ, ಬ್ಯಾಂಕಿನ ವಿವರ, ನೌಕರರ ಪ್ಯಾನ್ ಮತ್ತು ಆಧಾರ್ ಪ್ರತಿಗಳು ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಇರುವುದರಿಂದ, ಈ ಬೀಗಗಳು ಯಾರನ್ನು ತಡೆಯುತ್ತವೆ, ಯಾರನ್ನು ತಡೆಯಲಾರವು ಎಂಬುದನ್ನು ಅರಿತಿರುವುದು ಅವಶ್ಯ.

ಗುಂಡಿ ಒತ್ತಿದೊಡನೆ ಕೇಳುವ ಪಾಸ್‌ವರ್ಡ್

ಇದು ಬಯಾಸ್ ಪಾಸ್‌ವರ್ಡ್. ವಿಂಡೋಸ್ ಆರಂಭವಾಗುವ ಮುನ್ನವೇ ಯಂತ್ರವನ್ನು ತಡೆದು ನಿಲ್ಲಿಸುತ್ತದೆಯಾದ್ದರಿಂದ ಇದು ಅತ್ಯಂತ ಬಲಿಷ್ಠವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹಳೆಯ ಮೇಜಿನ ಕಂಪ್ಯೂಟರುಗಳಲ್ಲಿ ಈ ಪಾಸ್‌ವರ್ಡ್ ಸಾಮಾನ್ಯವಾಗಿ ಮದರ್‌ಬೋರ್ಡಿನ ಸಿಮಾಸ್ ಎಂಬ ಪುಟ್ಟ ಸ್ಮೃತಿಯಲ್ಲಿ ಇರುತ್ತದೆ. ಆ ಸ್ಮೃತಿಯನ್ನು ಜೀವಂತವಾಗಿಡುವುದು ನಾಣ್ಯದಾಕಾರದ, 3 ವೋಲ್ಟಿನ ಒಂದು ಸೆಲ್. ಪೆಟ್ಟಿಗೆ ಬಿಚ್ಚಿ ಆ ಸೆಲ್ಲನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ, ಅಥವಾ ಪಕ್ಕದಲ್ಲಿರುವ ಜಂಪರಿನ ಸ್ಥಾನ ಬದಲಿಸಿದರೆ, ಸ್ಮೃತಿ ಅಳಿಸಿಹೋಗುತ್ತದೆ. ಅದರೊಡನೆ ಪಾಸ್‌ವರ್ಡ್ ಕೂಡ. ಇದು ಕಳ್ಳರ ಗುಟ್ಟೇನೂ ಅಲ್ಲ. ಮರೆತ ಮಾಲೀಕರ ಅನುಕೂಲಕ್ಕಾಗಿ ಬೋರ್ಡಿನೊಡನೆ ಬರುವ ಕೈಪಿಡಿಯಲ್ಲಿಯೇ ಈ ವಿಧಾನ ಮುದ್ರಿತವಾಗಿರುತ್ತದೆ. 1990ರ ದಶಕದಲ್ಲಂತೂ ಕೆಲವು ಬಯಾಸ್‌ಗಳಲ್ಲಿ ತಂತ್ರಜ್ಞರಿಗಾಗಿ ತಯಾರಕರೇ ಇರಿಸಿದ್ದ ಸಾರ್ವತ್ರಿಕ ಪಾಸ್‌ವರ್ಡ್‌ಗಳು ರಿಪೇರಿಯವರ ಬಾಯಲ್ಲಿ ಓಡಾಡುತ್ತಿದ್ದವು.

ಈಚಿನ ಯಂತ್ರಗಳಲ್ಲಿ, ವಿಶೇಷವಾಗಿ ಕಚೇರಿ ಬಳಕೆಯ ಲ್ಯಾಪ್‌ಟಾಪುಗಳಲ್ಲಿ, ಪರಿಸ್ಥಿತಿ ಸುಧಾರಿಸಿದೆ. ಪಾಸ್‌ವರ್ಡ್ ಶಾಶ್ವತ ಚಿಪ್ಪಿನಲ್ಲಿ ಇರುವುದರಿಂದ ಸೆಲ್ ತೆಗೆದರೂ ಅಳಿಯುವುದಿಲ್ಲ. ಆದರೂ ಮೂಲ ದೌರ್ಬಲ್ಯ ಉಳಿದೇ ಇದೆ. ಪಾಸ್‌ವರ್ಡ್ ಇರುವುದು ಮದರ್‌ಬೋರ್ಡಿನಲ್ಲಿ. ಲೆಕ್ಕ ಇರುವುದು ಡಿಸ್ಕಿನಲ್ಲಿ. ಕೆಲವು ತಿರುಪುಗಳನ್ನು ಬಿಚ್ಚಿ ಡಿಸ್ಕನ್ನು ಹೊರತೆಗೆದು, ಅಗ್ಗದ ಯುಎಸ್‌ಬಿ ಪೆಟ್ಟಿಗೆಯೊಂದರ ಮೂಲಕ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ ಕಡತಗಳೆಲ್ಲವೂ ತೆರೆದುಕೊಳ್ಳುತ್ತವೆ. ಡಿಸ್ಕಿಗೇ ಪಾಸ್‌ವರ್ಡ್ ಹಾಕುವ ಸೌಲಭ್ಯವೂ ಹಲವು ಲ್ಯಾಪ್‌ಟಾಪುಗಳಲ್ಲಿ ಉಂಟು. ಅದು ಡಿಸ್ಕಿನ ಜೊತೆಯಲ್ಲೇ ಪ್ರಯಾಣ ಮಾಡುತ್ತದೆಯಾದ್ದರಿಂದ ಇದಕ್ಕಿಂತ ಎಷ್ಟೋ ಮೇಲು. ಆದರೆ ಬಳಸುವವರು ವಿರಳ.

ವಿಂಡೋಸ್ ಕೇಳುವ ಪಾಸ್‌ವರ್ಡ್

ವಿಂಡೋಸ್ 95 ಮತ್ತು 98ರ ಕಾಲದ ಗೃಹ ಕಂಪ್ಯೂಟರುಗಳಲ್ಲಿ ಪಾಸ್‌ವರ್ಡ್ ಕೇಳಿದಾಗ ‘ಕ್ಯಾನ್ಸಲ್’ ಒತ್ತಿದರೂ ಒಳಗೆ ಹೋಗಬಹುದಾಗಿತ್ತು! ನಂತರದ ಆವೃತ್ತಿಗಳಲ್ಲಿ ಆ ತಮಾಷೆ ನಿಂತಿದೆ. ಆದರೆ ಪೆನ್‌ಡ್ರೈವಿನಲ್ಲಿರುವ ಬೇರೊಂದು ಆಪರೇಟಿಂಗ್ ಸಿಸ್ಟಮ್‌ನಿಂದ ಯಂತ್ರವನ್ನು ಆರಂಭಿಸಿದರೆ, ಡಿಸ್ಕಿನ ಮಾಹಿತಿ ಗೂಢಲಿಪಿಯಲ್ಲಿ ಇರದ ಪಕ್ಷದಲ್ಲಿ, ವಿಂಡೋಸ್ ಪಾಸ್‌ವರ್ಡಿನ ಪ್ರಸ್ತಾಪವೇ ಬಾರದು.

ಹಾಗೆಂದು ಇವುಗಳನ್ನು ತೆಗೆದುಹಾಕಬೇಕೆಂದು ಯಾರೂ ಭಾವಿಸಬಾರದು. ಊಟದ ವೇಳೆಯಲ್ಲಿ ಕೌಂಟರಿನ ಬಳಿ ನಿಂತ ಗಿರಾಕಿಯನ್ನೋ, ಕುತೂಹಲದ ಸಹೋದ್ಯೋಗಿಯನ್ನೋ ತಡೆಯಲು ಇವು ಸಾಕು. ಬಯಾಸ್ ಪಾಸ್‌ವರ್ಡಿನಿಂದ ಪೆನ್‌ಡ್ರೈವಿನ ಮೂಲಕ ಯಂತ್ರ ಆರಂಭಿಸುವ ದಾರಿಯನ್ನೂ ಮುಚ್ಚಬಹುದು. ಅದಕ್ಕಿಂತ ಮುಖ್ಯವಾದುದು ಹೊಣೆಗಾರಿಕೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕದ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕೆಂದು ಕಂಪನಿಗಳ ಲೆಕ್ಕಪತ್ರ ನಿಯಮಗಳು ವಿಧಿಸಿವೆ. ಕಚೇರಿಯ ನಾಲ್ವರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರೆ ತಿದ್ದಿದವರು ಯಾರೆಂದು ಆ ದಾಖಲೆ ಹೇಳುವುದಾದರೂ ಹೇಗೆ? ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಪದ್ಧತಿಯ ಬಗ್ಗೆ ಹೇಳುವುದೇನೂ ಉಳಿದಿಲ್ಲ.

ತಿಜೋರಿಯ ಬೀಗ

ಯಂತ್ರ ಕಳುವಾದಾಗ ಅಥವಾ ರಿಪೇರಿಗೆ ಹೋದಾಗ ಮಾಹಿತಿಯನ್ನು ನಿಜವಾಗಿ ಕಾಯುವುದು ಎನ್‌ಕ್ರಿಪ್ಷನ್, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ಪರಿವರ್ತಿಸಿ ಇಡುವ ವ್ಯವಸ್ಥೆ. ಡಿಸ್ಕನ್ನು ಕಿತ್ತು ಎಲ್ಲಿಗೆ ಒಯ್ದರೂ ಕೀಲಿಯಿಲ್ಲದೆ ಅದು ಅರ್ಥವಿಲ್ಲದ ಅಕ್ಷರರಾಶಿ. ವಿಂಡೋಸ್ ವಿಸ್ಟಾದೊಡನೆ 2007ರಲ್ಲಿ ಮಾರುಕಟ್ಟೆಗೆ ಬಂದ ಬಿಟ್‌ಲಾಕರ್ ಇಂತಹುದು. ಇಂದಿನ ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಇದು ಲಭ್ಯ. ಹೋಮ್ ಆವೃತ್ತಿಯಲ್ಲಿ ಇದರದೇ ಸರಳ ರೂಪ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಲ್ಲಿ ಅರ್ಹ ಯಂತ್ರಗಳಲ್ಲಿ ದೊರೆಯುತ್ತದೆ. ಕೀಲಿಯನ್ನು ಟಿಪಿಎಂ ಎಂಬ ಪ್ರತ್ಯೇಕ ಚಿಪ್ ಕಾಯುತ್ತದೆ.

ಇಲ್ಲಿ ವರ್ತಕರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. ಬಿಟ್‌ಲಾಕರಿಗೆ 48 ಅಂಕೆಗಳ ಪುನಃಪ್ರಾಪ್ತಿ ಕೀಲಿ ಇರುತ್ತದೆ. ಮದರ್‌ಬೋರ್ಡ್ ಬದಲಾದಾಗ, ಕೆಲವೊಮ್ಮೆ ಬಯಾಸ್ ನವೀಕರಿಸಿದಾಗಲೂ, ವಿಂಡೋಸ್ ಈ ಕೀಲಿಯನ್ನು ಕೇಳುತ್ತದೆ. ಅದು ಇಲ್ಲದಿದ್ದರೆ ಮಾಲೀಕರಿಗೂ ಕಳ್ಳನಿಗೂ ವ್ಯತ್ಯಾಸವಿಲ್ಲ, ಇಬ್ಬರೂ ಹೊರಗೇ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದೀಚೆಗೆ, ಹೊಸದಾಗಿ ಅಳವಡಿಸಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸಿದ ಬಹಳಷ್ಟು ಯಂತ್ರಗಳಲ್ಲಿ ಗೂಢಲಿಪೀಕರಣ ತಾನಾಗಿಯೇ ಆರಂಭವಾಗುತ್ತದೆ. ಕೀಲಿ ಆ ಖಾತೆಯಲ್ಲಿ ಸಂಗ್ರಹವಾಗುತ್ತದೆ. ಆ ಖಾತೆ ಯಾರದು? ಮಾಲೀಕರದೋ, ಯಂತ್ರ ಹೊಂದಿಸಿಕೊಟ್ಟ ಹುಡುಗನದೋ, ಹೋದ ವರ್ಷ ಕೆಲಸ ಬಿಟ್ಟ ಗುಮಾಸ್ತರದೋ? ಇದನ್ನು ಇಂದೇ ಪರಿಶೀಲಿಸಿ, ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ, ಆಸ್ತಿಪತ್ರಗಳ ಜೊತೆ ಲಾಕರಿನಲ್ಲಿ ಇಡುವುದು ಕ್ಷೇಮ. ಕಂಪ್ಯೂಟರಿನ ಚೀಲದಲ್ಲಿ ಅಲ್ಲ.

ನಮ್ಮಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಟ್ಯಾಲಿಯಲ್ಲೂ ಇದೇ ಭೇದವಿದೆ. ಬಳಕೆದಾರರ ಪಾಸ್‌ವರ್ಡ್ ಯಾರು ಏನು ಮಾಡಬಹುದೆಂಬುದನ್ನು ನಿರ್ಧರಿಸುತ್ತದೆ. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಮಾಹಿತಿಯನ್ನೇ ಗೂಢಲಿಪಿಗೆ ಒಳಪಡಿಸುತ್ತದೆ. ಎರಡನೆಯದನ್ನು ಮರೆತರೆ ಮರಳಿ ಪಡೆಯುವ ಮಾರ್ಗವಿಲ್ಲ.

ಮರೆವು ಕೇವಲ ಅನನುಕೂಲವಲ್ಲ, ಕಾನೂನಿನ ತೊಡಕೂ ಹೌದು. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಅಂತಿಮ ದಿನಾಂಕದಿಂದ 72 ತಿಂಗಳ ಕಾಲ ಉಳಿಸಿಕೊಳ್ಳಬೇಕು. ವಿದ್ಯುನ್ಮಾನ ದಾಖಲೆಗಳ ನಕಲು ಪ್ರತಿ ಇರಿಸಬೇಕೆಂದೂ, ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ ಮತ್ತು ಅವುಗಳ ಪಾಸ್‌ವರ್ಡ್‌ಗಳನ್ನು ಒದಗಿಸಬೇಕೆಂದೂ 57ನೆಯ ನಿಯಮ ಹೇಳುತ್ತದೆ. ಐದು ವರ್ಷ ಹಿಂದಿನ ಕಡತದ ಪಾಸ್‌ವರ್ಡ್ ಹಳೆಯ ಲೆಕ್ಕಿಗರಿಗೆ ಮಾತ್ರ ಗೊತ್ತಿತ್ತು ಎಂಬ ಸಮಜಾಯಿಷಿಗೆ ಆ ನಿಯಮದಲ್ಲಿ ಎಡೆಯಿಲ್ಲ. ಇನ್ನು ನೌಕರರ ಹಾಗೂ ಗ್ರಾಹಕರ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ನವೆಂಬರ್ 2025ರಲ್ಲಿ ಪ್ರಕಟವಾಗಿವೆ. ಅವುಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು ಪ್ರಕಟಣೆಯ 18 ತಿಂಗಳ ನಂತರ. ನಿಯಮಗಳು ಹೆಸರಿಸುವ ಭದ್ರತಾ ಕ್ರಮಗಳಲ್ಲಿ ಗೂಢಲಿಪೀಕರಣವೂ ಸೇರಿದೆ.

ಗೂಢಲಿಪೀಕರಣಕ್ಕೂ ಮಿತಿಯುಂಟು. ಯಂತ್ರ ಚಾಲನೆಯಲ್ಲಿದ್ದು ವಿಂಡೋಸ್ ತೆರೆದಿರುವಾಗ ತಿಜೋರಿಯೂ ತೆರೆದೇ ಇರುತ್ತದೆ. ಮಿಂಚಂಚೆಯ ಮೂಲಕ ಬಂದ ವೈರಸ್ಸು ಮಾಲೀಕರ ಅಧಿಕಾರದಿಂದಲೇ ಕೆಲಸ ಮಾಡುತ್ತದೆ. ಮೇ 2017ರ ವಾನಾಕ್ರೈ ಹಾವಳಿಯಲ್ಲಿ ಸಿಲುಕಿದ್ದು ಭದ್ರತಾ ನವೀಕರಣ ಪಡೆಯದಿದ್ದ ಯಂತ್ರಗಳು. ಅಲ್ಲಿ ನೆರವಿಗೆ ಬರುವುದು ಯಂತ್ರದಿಂದ ಬೇರ್ಪಡಿಸಿ ಇಟ್ಟ ನಕಲು ಪ್ರತಿಯೇ. ಆ ನಕಲಿರುವ ಡಿಸ್ಕಿಗೂ ಗೂಢಲಿಪಿ ಅಗತ್ಯ. ಮೂಲಕ್ಕೆ ಬೀಗ ಹಾಕಿ ನಕಲನ್ನು ಮೇಜಿನ ಮೇಲಿಟ್ಟರೆ ಪ್ರಯೋಜನವೇನು?

ಕೊನೆಯದಾಗಿ ರಿಪೇರಿಯ ವಿಷಯ. ಕೆಟ್ಟುನಿಂತ ಡಿಸ್ಕಿನಿಂದ ಮಾಹಿತಿ ಅಳಿಸಲು ಮಾಲೀಕರಿಗೆ ಸಾಧ್ಯವಾಗುವುದಿಲ್ಲ, ಆದರೆ ತಜ್ಞರು ಅದರಿಂದ ಓದಬಲ್ಲರು. ಆದ್ದರಿಂದ ಗೂಢಲಿಪೀಕರಣವನ್ನು ಯಂತ್ರ ಹೊಸದಿರುವಾಗಲೇ ಮಾಡಿರಬೇಕು. ದೋಷ ಪರದೆಯಲ್ಲೋ ವಿದ್ಯುತ್ ಪೂರೈಕೆಯಲ್ಲೋ ಇದ್ದರೆ ಡಿಸ್ಕನ್ನು ತೆಗೆದಿರಿಸಿಕೊಂಡು ಉಳಿದುದನ್ನು ಕಳುಹಿಸಬಹುದು. ಡಿಸ್ಕಿನೊಡನೆಯೇ ಕೊಡಬೇಕಾದಲ್ಲಿ ಅದರ ಕ್ರಮಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಬದಲಿಸಿದರೆ ಹಳೆಯ ಡಿಸ್ಕನ್ನು ಹಿಂದಕ್ಕೆ ಪಡೆಯಬೇಕು, ವಿನಿಮಯದಲ್ಲಿ ಕೆಲವು ನೂರು ರೂಪಾಯಿ ರಿಯಾಯಿತಿ ಕೈತಪ್ಪಿದರೂ ಸರಿಯೇ.