ಹಳೆಯ ಹೆಂಚಿನ ಮಾಡು: ದುರಸ್ತಿಯೋ, ಹೊಸದೋ?

ಮುಂಗಾರಿನ ಮೊದಲ ಜಡಿಮಳೆ ಬಿದ್ದೊಡನೆ ಕರಾವಳಿಯ ಹಳೆಯ ಮನೆಗಳಲ್ಲಿ ಪಾತ್ರೆಗಳು ಅಡಿಗೆಮನೆಯಿಂದ ನಡುಮನೆಗೆ ಬರುತ್ತವೆ. ನಾಲ್ಕು ಹೆಂಚು ಬದಲಿಸಿದರೆ ಸಾಕೆಂದು ಹಿರಿಯರು ಹೇಳುವರು. ಮಾಡನ್ನೇ ಕಿತ್ತು ತಗಡು ಹೊದಿಸೋಣವೆಂದು ಕಿರಿಯರು ವಾದಿಸುವರು. ಒಂದು ದಾರ, ಒಂದು ತಕ್ಕಡಿ, ಒಂದು ಚೂಪಾದ ಉಳಿ ಇದ್ದರೆ ಈ ವಿವಾದವನ್ನು ಬಹುಮಟ್ಟಿಗೆ ಬಗೆಹರಿಸಬಹುದು.

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಪ್ರಸಿದ್ಧವಾದ ಈ ಹೆಂಚು, ತನ್ನ ಏಣು ಗಾಡಿಗಳಿಂದ ನೆರೆಯ ಹೆಂಚನ್ನು ಹಿಡಿದುಕೊಳ್ಳುತ್ತದೆ. ಆ ಸಂದಿನಲ್ಲಿ ಪಾಚಿಯೂ ಕಸವೂ ತುಂಬಿದರೆ ಕೇಶಾಕರ್ಷಣೆಯಿಂದ ನೀರು ಇಳಿಜಾರಿಗೆ ವಿರುದ್ಧವಾಗಿಯೂ ಏರಿ ಒಳನುಸುಳುವುದು. ಒಳಬಂದ ನೀರು ಅಲ್ಲಿಯೇ ಬೀಳದೆ, ಹೆಂಚಿನ ಅಡಿಗೂ ಮರಕ್ಕೂ ಅಂಟಿಕೊಂಡು ಹರಿದು, ದೂರದಲ್ಲೆಲ್ಲೋ ತೊಟ್ಟಿಕ್ಕುವುದು. ಆದುದರಿಂದ ತೂತನ್ನು ಹನಿ ಬೀಳುವ ಜಾಗದ ನೇರಕ್ಕಲ್ಲ, ಅದಕ್ಕಿಂತ ಮೇಲ್ಗಡೆ ಹುಡುಕಬೇಕು.

ಈಗ ತಕ್ಕಡಿ. ಒಣಗಿದ ಹೆಂಚೊಂದನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು, ಒರಸಿ ಮತ್ತೆ ತೂಗಿರಿ. 2.5 ಕಿಲೋಗ್ರಾಮಿನ ಹೆಂಚು 2.9ಕ್ಕೆ ಏರಿತೆನ್ನಿ. ಚದರ ಮೀಟರಿಗೆ ಸುಮಾರು 15 ಹೆಂಚುಗಳಂತೆ 100 ಚದರ ಮೀಟರಿನ ಮಾಡಿಗೆ 1500 ಹೆಂಚು. ಅವೆಲ್ಲವೂ ನೆನೆದರೆ 600 ಕಿಲೋಗ್ರಾಂ ಹೆಚ್ಚಿನ ಭಾರ! ಶಿಥಿಲವಾದ ಮಾಡು ಮಳೆಗಾಲದಲ್ಲಿಯೇ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಆ ಭಾರವನ್ನು ಹೊರುವವು ರೀಪು, ಪಕಾಸುಗಳು. ನಿಜವಾದ ತೀರ್ಮಾನ ಇರುವುದು ಇಲ್ಲಿಯೇ. ಜನರು ನೋಡುವುದು ಮಾತ್ರ ಹೆಂಚನ್ನು. 10 ಸೆಂಟಿಮೀಟರ್ ಎತ್ತರದ ಪಕಾಸಿನ ಮೇಲ್ಭಾಗವನ್ನು ಗೆದ್ದಲು ತಿಂದು 8 ಸೆಂಟಿಮೀಟರ್ ಗಟ್ಟಿಮರ ಉಳಿದಿದೆಯೆಂದು ಭಾವಿಸೋಣ. ಹೋದದ್ದು ಐದರಲ್ಲೊಂದು ಪಾಲು. ಆದರೆ ತೊಲೆಯ ಬಲವು ಎತ್ತರದ ವರ್ಗವನ್ನೂ, ಬಾಗದೆ ನಿಲ್ಲುವ ದಾರ್ಢ್ಯವು ಎತ್ತರದ ಘನವನ್ನೂ ಅನುಸರಿಸುತ್ತವೆ. ಹೀಗಾಗಿ ಬಲದಲ್ಲಿ ನೂರಕ್ಕೆ 64, ದಾರ್ಢ್ಯದಲ್ಲಿ ಕೇವಲ 51 ಮಾತ್ರ ಉಳಿಯುತ್ತದೆ.

ಪಕಾಸು ನಡುವೆ ಬಾಗಿದರೆ ಅದರ ಕೆಳ ಅರ್ಧದ ಇಳಿಜಾರು ಕಡಮೆಯಾಗುವುದು. ಮೇಲಿನ ನೀರೆಲ್ಲ ಬಂದು ಸೇರುವುದು ಅಲ್ಲಿಯೇ. ಅಂತಹ ಕಡೆ ಹೊಸ ಹೆಂಚು ಹೊದಿಸಿದರೂ ಸೋರಿಕೆ ನಿಲ್ಲದು. ಪಾಪ, ಬೈಗುಳ ಮಾತ್ರ ಹೆಂಚಿಗೆ.

ಪಕಾಸಿನ ಎರಡು ತುದಿಗಳಿಗೆ ದಾರವನ್ನು ಬಿಗಿದು ನಡುವಿನ ಬಾಗನ್ನು ಅಳೆದಿಡಿ. ದೀರ್ಘಕಾಲ ಭಾರ ಹೊತ್ತ ಮರ ತುಸು ಬಾಗುವುದು ಸಹಜ. ಮಳೆಗಾಲ ಕಳೆದು ಒಣಗಿದ ಮೇಲೆಯೂ ಅಳತೆ ಹೆಚ್ಚಿದ್ದರೆ ಅಪಾಯವುಂಟು. ಗೋಡೆಯ ಮೇಲೆ ಕುಳಿತ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಇದನ್ನು ಒಳಗಿನಿಂದಲೇ ಮಾಡಿ, ಪಾಚಿಗಟ್ಟಿದ ಹೆಂಚನ್ನು ಏರಬೇಡಿ.

ಮರ ಗಟ್ಟಿಯಾಗಿದ್ದು ಹೆಂಚು ಅಲ್ಲಲ್ಲಿ ಒಡೆದಿದ್ದರೆ ದುರಸ್ತಿಯೇ ಸರಿ. ಒಂದೆರಡು ಪಕಾಸು ಕೆಟ್ಟಿದ್ದರೆ ಅವನ್ನಷ್ಟೇ ಬದಲಿಸಬಹುದು. ಹಲವು ಪಕಾಸುಗಳ ತುದಿಗಳು ಕೊಳೆತಿದ್ದರೆ ಮಾತ್ರ ಮಾಡನ್ನು ಬಿಚ್ಚದೆ ಗತಿಯಿಲ್ಲ. ಆಗಲೂ ಹಳೆಯ ಹೆಂಚನ್ನು ಬಿಸಾಡಬಾರದು. ಬೆರಳಿನಿಂದ ಬಡಿದಾಗ ಕಣಕಣನೆ ಸದ್ದು ಕೊಡುವುದನ್ನು ಉಳಿಸಿಕೊಂಡು ಒಂದು ಇಳಿಜಾರಿಗೆ ಒಂದೇ ಅಚ್ಚಿನವನ್ನು ಹೊದಿಸಿರಿ. ಬೇರೆ ಅಚ್ಚಿನ ಹೆಂಚಿನ ಗಾಡಿ ಇದರ ಏಣಿಗೆ ಕೂಡುವುದಿಲ್ಲ.