ಮಂಡಿಗೆ ಮರಳುವ ಬಲ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಂಡೆಬೆಟ್ಟಗಳ ಬಯಲುಸೀಮೆ. ಇಲ್ಲಿ ಹೊಲ ಉಳುವವನಿಗೂ ಬೆಟ್ಟವೇರುವವನಿಗೂ ಕಬಡ್ಡಿ ಆಡುವವನಿಗೂ ದೃಢವಾದ ಮಂಡಿ ಬೇಕು. ಓಡುತ್ತಿರುವ ಆಟಗಾರನು ಕಾಲೂರಿ ಥಟ್ಟನೆ ತಿರುಗಿದಾಗ, ತೊಡೆಯ ಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಬಿಗಿದಿರುವ ಅಸ್ಥಿರಜ್ಜು ಹರಿಯುವುದುಂಟು. ಆಗ ಶಸ್ತ್ರವೈದ್ಯರು ಸಾಮಾನ್ಯವಾಗಿ ರೋಗಿಯ ಕಾಲಿನಿಂದಲೇ ಸ್ನಾಯುರಜ್ಜುವಿನ ಎಳೆಯೊಂದನ್ನು ತೆಗೆದು ಅದರ ಸ್ಥಾನದಲ್ಲಿ ಕಸಿಮಾಡುತ್ತಾರೆ.

ಶಸ್ತ್ರಚಿಕಿತ್ಸೆಯೊಂದಿಗೆ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಅರ್ಧ ದಾರಿ ಮಾತ್ರ. ಕಸಿಯಾದ ಎಳೆಯೊಳಗೆ ಹೊಸ ರಕ್ತನಾಳಗಳೂ ಜೀವಕೋಶಗಳೂ ಬೆಳೆದು ಅದು ನಿಜವಾದ ಅಸ್ಥಿರಜ್ಜುವಿನಂತಾಗಲು ಅನೇಕ ತಿಂಗಳುಗಳು ಬೇಕು. ಮೊದಲ ಕೆಲವು ತಿಂಗಳಲ್ಲಿ ಅದು ಕಸಿಮಾಡಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ಆದರೆ ಅಷ್ಟರಲ್ಲಿ ನೋವು ಇಳಿದಿರುತ್ತದೆ. ನೋವಿಲ್ಲವೆಂದರೆ ಗುಣವಾಯಿತೆಂದು ನಂಬುವುದೇ ಅಪಾಯ.

ಹಾಗೆಂದು ಕಾಲನ್ನು ಅಲುಗಿಸದೆ ಇಡುವುದೂ ಸರಿಯಲ್ಲ. ಹಿಂದೆ ಮಂಡಿಗೆ ವಾರಗಟ್ಟಲೆ ಪ್ಲಾಸ್ಟರ್ ಕಟ್ಟುತ್ತಿದ್ದರು. ಅದರಿಂದ ಕೀಲು ಬಿಗಿದು ತೊಡೆ ಸೊರಗುತ್ತಿತ್ತು. 1945ರಲ್ಲಿ ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್, ಭಾರವನ್ನು ಕ್ರಮಕ್ರಮವಾಗಿ ಹೆಚ್ಚಿಸುವ ವ್ಯಾಯಾಮದಿಂದ ಸ್ನಾಯುವಿನ ಬಲ ಮರಳುವುದೆಂದು ತೋರಿಸಿದರು. 1990ರಲ್ಲಿ ಡೊನಾಲ್ಡ್ ಶೆಲ್‌ಬೋರ್ನ್, ಶಸ್ತ್ರಚಿಕಿತ್ಸೆಯಾದ ಕೂಡಲೆ ಮಂಡಿಯನ್ನು ಚಲಿಸುವುದು ಹಿತಕರವೆಂದು ಬರೆದರು.

ಈಗ ಚಿಕಿತ್ಸೆ ಹಂತಹಂತವಾಗಿ ಸಾಗುತ್ತದೆ. ಮೊದಲು ಊತ ಇಳಿಸುವುದು, ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡುವುದು, ತೊಡೆಯನ್ನು ಬಿಗಿಹಿಡಿದು ಸಡಿಲಿಸುವುದು. ಅನಂತರ ಕುರ್ಚಿಯಿಂದ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ಸೈಕಲ್ ತುಳಿಯುವುದು. ಮೂರು ನಾಲ್ಕು ತಿಂಗಳ ಬಳಿಕ, ಬಲವನ್ನು ಪರೀಕ್ಷಿಸಿ, ನಿಧಾನದ ಓಟ. ಜಿಗಿತ ಮತ್ತು ತಿರುವು ಕೊನೆಗೆ. ನಾರ್ವೆಯ ಹೆಗೆ ಗ್ರಿಂಡೆಮ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 9 ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು.

ಪಾವಗಡದಿಂದ ಜಿಲ್ಲಾಕೇಂದ್ರ ತುಮಕೂರಿಗೆ ಸುಮಾರು 100 ಕಿಲೋಮೀಟರ್. ದಿನವೂ ಹೋಗಿಬರುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಫಿಸಿಯೋಥೆರಪಿ ತಜ್ಞರಿಂದ ಕಲಿತ ವ್ಯಾಯಾಮಕ್ಕೆ ಮನೆಯ ಕುರ್ಚಿ, ಗೋಡೆ, ಮೆಟ್ಟಿಲು, ಮಡಿಸಿದ ಟವೆಲ್ ಸಾಕು. ನಿಗದಿತ ದಿನ ಅವರಿಗೆ ತೋರಿಸಿ, ಉಳಿದ ದಿನಗಳಲ್ಲಿ ತಪ್ಪದೆ ಮಾಡಬೇಕು. ಊತ ಹೆಚ್ಚಿದರೆ ಅಂದಿನ ಭಾರವನ್ನು ತಗ್ಗಿಸಬೇಕು.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಯಾರೂ ಒಂದೇ ನೆಗೆತಕ್ಕೆ ಏರಲಾರರು. ಮಂಡಿಯ ಬಲವೂ ಹಾಗೆಯೇ. ಆತುರಪಟ್ಟವನು ಕಸಿಯನ್ನು ಕಳೆದುಕೊಳ್ಳಬಹುದು. ಸೋಮಾರಿಯಾದವನು ಬಲವನ್ನು ಕಳೆದುಕೊಳ್ಳುತ್ತಾನೆ. ನಿತ್ಯದ ಶ್ರಮ ಮತ್ತು ತಾಳ್ಮೆ, ಇವೆರಡೂ ಕೂಡಿದಾಗಲೇ ಕಾಲು ಮತ್ತೆ ನೆಲವನ್ನು ನಂಬಿ ನಿಲ್ಲುತ್ತದೆ.